ಒಂದೇ ಅಂಗಡಿಯ ಗಿರಾಕಿ

ಲಿಥುವೇನಿಯಾದ ನೆಲದಲ್ಲಿ ಕಲ್ಲಿದ್ದಲಿಲ್ಲ, ನೈಸರ್ಗಿಕ ಅನಿಲವಿಲ್ಲ. ಪಶ್ಚಿಮದ ಕರಾವಳಿಯ ಕಡೆ ಅಷ್ಟಿಷ್ಟು ಕಚ್ಚಾತೈಲ ಸಿಕ್ಕರೂ ಅದು ಲೆಕ್ಕಕ್ಕೆ ಬರುವಷ್ಟಲ್ಲ. ಇರುವುದು ಪೈನ್ ಕಾಡು, ಜೌಗು ನೆಲ, ಸಮತಟ್ಟು ಬಯಲಿನಲ್ಲಿ ನಿಧಾನವಾಗಿ ಹರಿಯುವ ನೆಮುನಸ್ ನದಿ. ಬಾಲ್ಟಿಕ್ ಸಮುದ್ರದ ಪೂರ್ವ ದಡದ ಈ ದೇಶ ವಿಸ್ತೀರ್ಣದಲ್ಲಿ ಕರ್ನಾಟಕದ ಮೂರನೇ ಒಂದು ಪಾಲಿನಷ್ಟಿದೆ. ಜನಸಂಖ್ಯೆ 29 ಲಕ್ಷದ ಆಸುಪಾಸು. ಚಳಿಗಾಲ ಆರು ತಿಂಗಳಷ್ಟು ಉದ್ದ. ಹೀಗಾಗಿ ಇಂಧನವನ್ನು ಹೊರಗಿನಿಂದ ತರಲೇಬೇಕು. ತರುವುದರಲ್ಲಿ ಅಂಥ ತೊಂದರೆಯೇನಿಲ್ಲ, ಯುರೋಪಿನ ಬಹುಪಾಲು ದೇಶಗಳೂ ತರುತ್ತವೆ. ಲಿಥುವೇನಿಯಾದ ತೊಂದರೆ ಬೇರೆ ಇತ್ತು: ಮಾರುವವನು ಒಬ್ಬನೇ, ದಾರಿಯೂ ಒಂದೇ.

ಇದರ ಅರ್ಥವೇನೆಂದು ಆ ದೇಶಕ್ಕೆ ಗೊತ್ತಾದದ್ದು 1990ರ ವಸಂತದಲ್ಲಿ. ಮಾರ್ಚ್ 11ರಂದು ಲಿಥುವೇನಿಯಾ ಸೋವಿಯತ್ ಒಕ್ಕೂಟದಿಂದ ಬೇರೆಯಾಗಿರುವುದಾಗಿ ಘೋಷಿಸಿತು. ಹಾಗೆ ಘೋಷಿಸಿದ ಮೊದಲ ಸೋವಿಯತ್ ಗಣರಾಜ್ಯ ಅದು. ಮಾಸ್ಕೊ ತಕ್ಷಣ ಸೈನ್ಯ ನುಗ್ಗಿಸಲಿಲ್ಲ, ನಲ್ಲಿ ತಿರುಗಿಸಿತು. ಏಪ್ರಿಲ್ 18ರಿಂದ ಕಚ್ಚಾತೈಲ ನಿಂತಿತು, ಅನಿಲದ ಹರಿವು ಹೆಸರಿಗಷ್ಟೇ ಉಳಿಯಿತು. ಪೆಟ್ರೋಲ್‌ಗೆ ಪಡಿತರ ಬಂತು, ಮನೆಗಳಿಗೆ ಬಿಸಿನೀರು ನಿಂತಿತು, ಕಾರ್ಖಾನೆಗಳು ಒಂದೊಂದಾಗಿ ಬಾಗಿಲೆಳೆದವು. ಘೋಷಣೆಯಿಂದ ಹುಟ್ಟುವ ಕ್ರಮಗಳನ್ನು ನೂರು ದಿನ ತಡೆಹಿಡಿಯಲು ಜೂನ್ 29ರಂದು ಸಂಸತ್ತು ಒಪ್ಪಿದ ಮೇಲಷ್ಟೇ ತೈಲ ಮತ್ತೆ ಹರಿದು ಬಂತು. ಮುಂದಿನ ಮೂವತ್ತೈದು ವರ್ಷ ಆ ದೇಶ ಇಂಧನದ ವಿಷಯದಲ್ಲಿ ಇಟ್ಟ ಹೆಜ್ಜೆಗಳಲ್ಲಿ ಎಷ್ಟೋ ಹೆಜ್ಜೆಗಳ ಹಿಂದೆ ಆ ಎರಡೂವರೆ ತಿಂಗಳ ನೆನಪಿದೆ.

ಸೋವಿಯತ್ ಯೋಜಕರು ಲಿಥುವೇನಿಯಾದಲ್ಲಿ ಏನೂ ಕಟ್ಟಲಿಲ್ಲ ಎನ್ನುವಂತಿಲ್ಲ. ಕಟ್ಟಿದ್ದೆಲ್ಲವೂ ಅಗತ್ಯಕ್ಕಿಂತ ದೊಡ್ಡದೇ. ಮಜೆಯ್ಕೆಯ್ ಎಂಬಲ್ಲಿ 1980ರಲ್ಲಿ ತೈಲ ಸಂಸ್ಕರಣಾಗಾರ ಶುರುವಾಯಿತು. ಲಿಥುವೇನಿಯಾ, ಲಾಟ್ವಿಯಾ, ಎಸ್ಟೋನಿಯಾ ಎಂಬ ಮೂರೂ ಬಾಲ್ಟಿಕ್ ದೇಶಗಳಿಗೆ ಇಂದಿಗೂ ಇರುವುದು ಅದೊಂದೇ. ಈಶಾನ್ಯ ಮೂಲೆಯಲ್ಲಿ ಕೆರೆಯೊಂದರ ದಡದಲ್ಲಿ ಇಗ್ನಲಿನಾ ಅಣುಸ್ಥಾವರ ಎದ್ದಿತು. ಅದರ ಎರಡು ರಿಯಾಕ್ಟರ್‌ಗಳೂ ತಲಾ 1,500 ಮೆಗಾವಾಟ್ ಸಾಮರ್ಥ್ಯದವು. ಒಂದು 1983ರ ಕೊನೆಯ ದಿನ, ಇನ್ನೊಂದು 1987ರಲ್ಲಿ ಚಾಲೂ ಆದವು. ಇಷ್ಟೊಂದು ವಿದ್ಯುತ್ ಲಿಥುವೇನಿಯಾಕ್ಕೆ ಬೇಕಿರಲಿಲ್ಲ, ಒಕ್ಕೂಟದ ಇಡೀ ವಾಯವ್ಯ ಭಾಗಕ್ಕೆ ಬೇಕಿತ್ತು. ಸಂಸ್ಕರಣಾಗಾರಕ್ಕೆ ತೈಲ ರಷ್ಯಾದ ದ್ರುಜ್ಬಾ ಕೊಳವೆಯಿಂದ, ಸ್ಥಾವರಕ್ಕೆ ಯುರೇನಿಯಂ ರಷ್ಯಾದ ಕಾರ್ಖಾನೆಯಿಂದ. ದೇಶ ಸ್ವತಂತ್ರವಾದಾಗ ಕೈಗೆ ಬಂದದ್ದು ದೊಡ್ಡ ದೊಡ್ಡ ಒಲೆಗಳು. ಸೌದೆ ಮಾತ್ರ ಪಕ್ಕದ ಮನೆಯವರದು.

ಈ ಒಲೆಗಳಲ್ಲಿ ಮೊದಲು ಆರಿದ್ದು ಇಗ್ನಲಿನಾ. ಅಲ್ಲಿದ್ದವು ಆರ್‌ಬಿಎಂಕೆ ಮಾದರಿಯ ರಿಯಾಕ್ಟರ್‌ಗಳು, ಅಂದರೆ ಚೆರ್ನೋಬಿಲ್‌ನಲ್ಲಿ 1986ರಲ್ಲಿ ಸಿಡಿದ ರಿಯಾಕ್ಟರ್‌ನ ದೊಡ್ಡಣ್ಣಂದಿರು. (ಚೆರ್ನೋಬಿಲ್ ಬಗ್ಗೆ 2019ರಲ್ಲಿ ಬಂದ ಪ್ರಸಿದ್ಧ ಟಿವಿ ಸರಣಿಯ ಸ್ಥಾವರದ ದೃಶ್ಯಗಳಿಗೆ ಇಗ್ನಲಿನಾವನ್ನೇ ಬಳಸಿಕೊಂಡದ್ದು ಈ ಹೋಲಿಕೆಯಿಂದ.) ಯುರೋಪಿಯನ್ ಒಕ್ಕೂಟ ಸೇರಬೇಕಾದರೆ ಎರಡನ್ನೂ ಮುಚ್ಚಬೇಕೆಂಬ ಷರತ್ತು ಬಿತ್ತು. ಲಿಥುವೇನಿಯಾ ಒಪ್ಪಿತು, 2004ರ ಮೇ ತಿಂಗಳಲ್ಲಿ ಒಕ್ಕೂಟ ಸೇರಿತು. ಅದೇ ವರ್ಷದ ಡಿಸೆಂಬರ್ 31ರಂದು ಮೊದಲ ಘಟಕ, 2009ರ ಡಿಸೆಂಬರ್ 31ರಂದು ಎರಡನೆಯದು ನಿಂತವು. ವಿದ್ಯುತ್ತಿನ ಬಹುಪಾಲನ್ನು ಅಣುಶಕ್ತಿಯಿಂದ ಪಡೆದು, ಮಿಕ್ಕದ್ದನ್ನು ನೆರೆಯವರಿಗೆ ಮಾರುತ್ತಿದ್ದ ದೇಶ ಹೊಸವರ್ಷದ ಬೆಳಗ್ಗೆ ಎದ್ದಾಗ ಅರ್ಧಕ್ಕಿಂತ ಹೆಚ್ಚು ವಿದ್ಯುತ್ತನ್ನು ಕೊಳ್ಳುವ ದೇಶವಾಗಿತ್ತು. ಕೊಳ್ಳಬೇಕಾದದ್ದು ಮುಖ್ಯವಾಗಿ ರಷ್ಯಾದ ಕಡೆಯಿಂದ. ಉಳಿದದ್ದನ್ನು ತನ್ನಲ್ಲೇ ಉತ್ಪಾದಿಸೋಣವೆಂದರೆ ಎಲೆಕ್ಟ್ರೇನಾಯ್‌ನ ಹಳೆಯ ಶಾಖೋತ್ಪನ್ನ ಸ್ಥಾವರಕ್ಕೆ ಬೇಕಿದ್ದದ್ದೂ ರಷ್ಯಾದ ಅನಿಲವೇ.

ಇಲ್ಲಿ ಅಂಕಿಅಂಶದ ಒಂದು ತಮಾಷೆಯಿದೆ. ಯುರೋಪಿನ ಲೆಕ್ಕಪದ್ಧತಿಯಲ್ಲಿ ಅಣುಸ್ಥಾವರದ ಶಾಖವನ್ನು ದೇಶೀಯ ಉತ್ಪಾದನೆ ಎಂದೇ ಬರೆದುಕೊಳ್ಳುತ್ತಾರೆ, ಯುರೇನಿಯಂ ಎಲ್ಲಿಂದ ಬಂತು ಎಂದು ಕೇಳುವುದಿಲ್ಲ. ಹಾಗಾಗಿ 2009ರಲ್ಲಿ ಸುಮಾರು ಶೇ 50ರಷ್ಟಿದ್ದ ಲಿಥುವೇನಿಯಾದ ಆಮದು ಅವಲಂಬನೆ ಒಂದೇ ವರ್ಷದಲ್ಲಿ ಶೇ 80ರ ಹತ್ತಿರಕ್ಕೆ ಜಿಗಿಯಿತು. ಕಾಗದದ ಮೇಲಿದ್ದ ಸ್ವಾವಲಂಬನೆಯಲ್ಲಿ ಒಂದು ಪಾಲು ಮೊದಲೂ ಕಾಗದದ ಮೇಲೆಯೇ ಇತ್ತು.

ಜನರ ಮನಸ್ಸು ಇನ್ನೂ ವಿಚಿತ್ರ. ಹಳೆಯ ಸ್ಥಾವರವನ್ನು ಇನ್ನಷ್ಟು ಕಾಲ ಓಡಿಸಬೇಕೇ ಎಂದು 2008ರಲ್ಲಿ ಜನಮತ ಕೇಳಿದಾಗ ಮತ ಹಾಕಿದವರಲ್ಲಿ ಹೆಚ್ಚುಕಡಿಮೆ ಎಲ್ಲರೂ ಹೌದೆಂದರು. ಆದರೆ ಮತಗಟ್ಟೆಗೆ ಬಂದವರು ಅರ್ಧಕ್ಕಿಂತ ಕಡಿಮೆ ಇದ್ದದ್ದರಿಂದ ಆ ತೀರ್ಪು ಊರ್ಜಿತವಾಗಲಿಲ್ಲ. ಅದೇ ಜಾಗದಲ್ಲಿ ಜಪಾನಿನ ಹಿಟಾಚಿ ಕಂಪನಿಯ ಹೊಸ ಸ್ಥಾವರ ಬೇಕೇ ಎಂದು 2012ರಲ್ಲಿ ಕೇಳಿದಾಗ ಬಹುಮತ ಬೇಡವೆಂದಿತು. ನಡುವೆ ಫುಕುಶಿಮಾ ಅಣುದುರಂತ ಆಗಿಹೋಗಿತ್ತು. ಸ್ಥಾವರಕ್ಕಾಗಿಯೇ ಹುಟ್ಟಿದ ವಿಸಗಿನಾಸ್ ಪಟ್ಟಣದಲ್ಲಿ ಈಗಲೂ ಬಹಳ ಮಂದಿಗೆ ಅಲ್ಲೇ ಕೆಲಸ. ಮೊದಲು ವಿದ್ಯುತ್ ಉತ್ಪಾದಿಸುವ ಕೆಲಸವಿತ್ತು, ಈಗ ಬಿಚ್ಚಿಡುವ ಕೆಲಸ. ಅದು 2038ರವರೆಗೆ ನಡೆಯಬೇಕಿದೆ, ಖರ್ಚಿನ ದೊಡ್ಡ ಪಾಲು ಯುರೋಪಿಯನ್ ಒಕ್ಕೂಟದ್ದು.

ತೈಲದ ಕಥೆ ಚಿಕ್ಕದು. 1999ರಲ್ಲೇ ಬುಟಿಂಗೆ ಎಂಬಲ್ಲಿ, ಕಡಲೊಳಗೆ, ತೈಲ ಟರ್ಮಿನಲ್ ಒಂದನ್ನು ಕಟ್ಟಲಾಗಿತ್ತು. ಕೊಳವೆಯಲ್ಲಿ ಅಗ್ಗದ ತೈಲ ಬರುತ್ತಿರುವಾಗ ಇದೇಕೆ ಎಂದು ಕೇಳಬಹುದಿತ್ತು. ಏಳೇ ವರ್ಷದಲ್ಲಿ ಉತ್ತರ ಸಿಕ್ಕಿತು. 2006ರಲ್ಲಿ ಮಜೆಯ್ಕೆಯ್ ಸಂಸ್ಕರಣಾಗಾರ ರಷ್ಯಾದ ಕಂಪನಿಗಳ ಕೈಗೆ ಹೋಗದೆ ಪೋಲೆಂಡಿನ ಓರ್ಲೆನ್ ಪಾಲಾಗುವುದು ಖಚಿತವಾಯಿತು. ಜುಲೈ ಕೊನೆಯಲ್ಲಿ ದ್ರುಜ್ಬಾದ ಆ ಕವಲು ಸೋರುತ್ತಿದೆ, ರಿಪೇರಿ ಆಗಬೇಕು ಎಂದು ರಷ್ಯಾ ಹರಿವು ನಿಲ್ಲಿಸಿತು. ಆ ರಿಪೇರಿ ಇವತ್ತಿಗೂ ಮುಗಿದಿಲ್ಲ. ತೈಲ ಅಂದಿನಿಂದ ಹಡಗಿನಲ್ಲೇ ಬರುತ್ತಿದೆ. 2022ರವರೆಗೆ ಆ ಹಡಗುಗಳಲ್ಲಿ ಇರುತ್ತಿದ್ದದ್ದು ಬಹುತೇಕ ರಷ್ಯಾದ ತೈಲವೇ ಆದರೂ ಬಂದರು ಕೈಯಲ್ಲಿದ್ದುದರಿಂದ, ಉಕ್ರೇನ್ ಯುದ್ಧ ಶುರುವಾದಾಗ ಮಾರುವವರನ್ನು ಬದಲಿಸಲು ಕೆಲವೇ ವಾರ ಸಾಕಾದವು.

ಅನಿಲದ್ದು ಹಾಗಲ್ಲ. ಹಡಗಿಗೆ ತುಂಬಿಸಿ ತರುವಷ್ಟು ಸರಳ ಸರಕಲ್ಲ ಅದು. 2014ರವರೆಗೆ ಲಿಥುವೇನಿಯಾಕ್ಕೆ ಬರುತ್ತಿದ್ದ ಅನಿಲವೆಲ್ಲ ಬೆಲಾರೂಸ್ ಮೂಲಕ ಬರುವ ಕೊಳವೆಯಿಂದ, ರಷ್ಯಾದ ಗಾಜ್‌ಪ್ರೋಮ್ ಎಂಬ ಒಂದೇ ಕಂಪನಿಯಿಂದ. ಆ ಕಂಪನಿ ಮಾರಾಟಗಾರ ಮಾತ್ರವಾಗಿರಲಿಲ್ಲ. ಲಿಥುವೇನಿಯಾದೊಳಗೆ ಕೊಳವೆಜಾಲ ನಡೆಸುತ್ತಿದ್ದ ಲಿಯೆತುವೋಸ್ ದುಯೋಸ್ ಸಂಸ್ಥೆಯಲ್ಲೂ ಅದಕ್ಕೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಷೇರು ಇತ್ತು. ಮಾರುವವನೇ ಕೊಳ್ಳುವವನ ಮನೆಯ ಯಜಮಾನಿಕೆಯಲ್ಲಿ ಪಾಲುದಾರ. ಬೆಲೆ ಚೌಕಾಶಿ ಹೇಗೆ ನಡೆದಿದ್ದೀತು ಎಂದು ಊಹಿಸುವುದು ಕಷ್ಟವಲ್ಲ. ಸೈಬೀರಿಯಾಕ್ಕೆ ಜರ್ಮನಿಗಿಂತ ಹತ್ತಿರವಿದ್ದೂ ಲಿಥುವೇನಿಯಾ ಜರ್ಮನಿಗಿಂತ ದುಬಾರಿ ಬೆಲೆ ತೆರುತ್ತಿತ್ತು. ಒಂದೇ ಅಂಗಡಿಯ ಗಿರಾಕಿಗೆ ಅಂಗಡಿಯವನು ಹೇಳಿದ್ದೇ ದರ.

ಇದನ್ನು ಬಿಡಿಸಿಕೊಳ್ಳಲು ಲಿಥುವೇನಿಯಾ ಎರಡು ಕಡೆಯಿಂದ ಹೊರಟಿತು. ಒಂದು ಕಾನೂನಿನ ದಾರಿ. ಅನಿಲ ಮಾರುವವರು ಮತ್ತು ಕೊಳವೆ ನಡೆಸುವವರು ಬೇರೆ ಬೇರೆ ಇರಬೇಕೆಂದು ಯುರೋಪಿಯನ್ ಒಕ್ಕೂಟ 2009ರಲ್ಲಿ ನಿಯಮ ಮಾಡಿತ್ತು. ಇದರಲ್ಲಿ ಮೆದು ರೂಪಗಳೂ ಇದ್ದವು. ಲಿಥುವೇನಿಯಾ ಅತ್ಯಂತ ಕಠಿಣವಾದದ್ದನ್ನೇ ಆರಿಸಿಕೊಂಡಿತು. 2013ರಲ್ಲಿ ಕೊಳವೆಜಾಲವನ್ನು ಅಂಬರ್ ಗ್ರಿಡ್ ಎಂಬ ಪ್ರತ್ಯೇಕ ಸಂಸ್ಥೆ ಮಾಡಿ, ಮುಂದಿನ ವರ್ಷ ಗಾಜ್‌ಪ್ರೋಮ್ ತನ್ನ ಷೇರುಗಳನ್ನು ಮಾರಿ ಹೊರಡುವಂತೆ ಮಾಡಿತು. ಹಿಂದೆ ಹೆಚ್ಚು ಬೆಲೆ ಹೇರಿದ್ದಕ್ಕೆ ಪರಿಹಾರ ಕೊಡಿಸಿ ಎಂದು ಸ್ಟಾಕ್‌ಹೋಮ್‌ನ ಪಂಚಾಯ್ತಿ ಮಂಡಳಿಯಲ್ಲಿ 140 ಕೋಟಿ ಯೂರೊ ದಾವೆಯನ್ನೂ ಹೂಡಿತು. 2016ರಲ್ಲಿ ಆ ದಾವೆ ಬಿದ್ದುಹೋಯಿತು.

ಇನ್ನೊಂದು ದಾರಿ ಹಡಗಿನದು. ಅನಿಲವನ್ನು ಸೊನ್ನೆಗಿಂತ ಸುಮಾರು 160 ಡಿಗ್ರಿ ಸೆಲ್ಸಿಯಸ್ ಕೆಳಗೆ ತಣಿಸಿದರೆ ಅದು ದ್ರವವಾಗುತ್ತದೆ, ಗಾತ್ರ ಆರುನೂರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಆಗ ಟ್ಯಾಂಕರ್‌ನಲ್ಲಿ ತುಂಬಿ ಎಲ್ಲಿಂದ ಎಲ್ಲಿಗೆ ಬೇಕಾದರೂ ಒಯ್ಯಬಹುದು. ಇಳಿಸಿಕೊಳ್ಳುವ ಬಂದರಿನಲ್ಲಿ ಅದನ್ನು ಮತ್ತೆ ಬಿಸಿ ಮಾಡಿ ಅನಿಲವಾಗಿಸುವ ವ್ಯವಸ್ಥೆ ಇರಬೇಕು. ದಡದಲ್ಲಿ ಅಂಥದ್ದನ್ನು ಕಟ್ಟಲು ತುಂಬಾ ಹಣ, ತುಂಬಾ ವರ್ಷ ಬೇಕು. ಲಿಥುವೇನಿಯಾ ಕಟ್ಟಲಿಲ್ಲ, ಬಾಡಿಗೆಗೆ ತಂದಿತು. ದಕ್ಷಿಣ ಕೊರಿಯಾದ ಹ್ಯುಂಡೈ ಹಡಗುಕಟ್ಟೆಯಲ್ಲಿ ಕಟ್ಟಿದ, ನಾರ್ವೆಯ ಹೋಯ್ಗ್ ಕಂಪನಿಯ ಒಡೆತನದ, 294 ಮೀಟರ್ ಉದ್ದದ ತೇಲುವ ಟರ್ಮಿನಲ್ ಅದು. ಹತ್ತು ವರ್ಷದ ಕರಾರು. ಇಟ್ಟ ಹೆಸರು ‘ಇಂಡಿಪೆಂಡೆನ್ಸ್’.

2014ರ ಅಕ್ಟೋಬರ್ 27ರಂದು ಆ ಹಡಗು ಕ್ಲೈಪೆಡಾ ಬಂದರಿಗೆ ಬಂದಾಗ ದಡದಲ್ಲಿ ಜನ ಸೇರಿದ್ದರು, ಸ್ವಾಗತಕ್ಕೆ ಅಧ್ಯಕ್ಷೆ ದಾಲಿಯಾ ಗ್ರಿಬೌಸ್ಕೈಟೆಯೇ ನಿಂತಿದ್ದರು. ಹಡಗನ್ನು ಕಟ್ಟಿದ ಜಾಗ ಕುರೋನಿಯನ್ ಹಿನ್ನೀರಿನ ಒಂದು ಪುಟ್ಟ ದ್ವೀಪದ ಪಕ್ಕ. ದ್ವೀಪದ ಹೆಸರು ಕಿಯಾವುಲೆಸ್ ನುಗರಾ, ಅಂದರೆ ಹಂದಿಯ ಬೆನ್ನು. ದೇಶದ ಸ್ವಾತಂತ್ರ್ಯದ ಹೆಸರು ಹೊತ್ತ ಹಡಗು ಹಂದಿಬೆನ್ನಿನ ಆಸರೆಯಲ್ಲಿ ನಿಂತಿದೆ. ಟ್ಯಾಂಕರ್ ಬಂದು ಅದರ ಮಗ್ಗುಲಿಗೆ ನಿಲ್ಲುತ್ತದೆ, ದ್ರವ ಅನಿಲ ಒಂದರಿಂದ ಇನ್ನೊಂದಕ್ಕೆ ಹರಿಯುತ್ತದೆ. 1,70,000 ಘನ ಮೀಟರ್ ಹಿಡಿಯುವ ತೊಟ್ಟಿಗಳಿಂದ ಅದನ್ನು ತೆಗೆದು, ಬೆಚ್ಚಗಾಗಿಸಿ, 18 ಕಿ.ಮೀ. ಕೊಳವೆಯ ಮೂಲಕ ದೇಶದ ಜಾಲಕ್ಕೆ ಬಿಡಲಾಗುತ್ತದೆ. ವರ್ಷಕ್ಕೆ ಸುಮಾರು 400 ಕೋಟಿ ಘನ ಮೀಟರ್ ಅನಿಲ ಕೊಡಬಲ್ಲ ಹಡಗು ಇದು. ದೇಶದ ಅಗತ್ಯ ಅದಕ್ಕಿಂತ ಕಡಿಮೆ.

ಹಡಗು ಬಂದು ಮುಟ್ಟುವ ಮೊದಲೇ ಕೆಲಸ ಮಾಡಿತ್ತು. ಟರ್ಮಿನಲ್ ಬರುವುದು ಖಚಿತವಾದಾಗ, 2014ರ ಮೇ ತಿಂಗಳಲ್ಲಿ, ಗಾಜ್‌ಪ್ರೋಮ್ ತನ್ನ ದರವನ್ನು ಐದನೇ ಒಂದು ಪಾಲಿನಷ್ಟು ಇಳಿಸಿತು. ಎದುರುಗಡೆ ಇನ್ನೊಂದು ಅಂಗಡಿಯ ಬೋರ್ಡು ಕಂಡದ್ದಷ್ಟೇ ಸಾಕಾಯಿತು. ಆದರೆ ಇದೇ ಸಂಗತಿ ಟರ್ಮಿನಲ್‌ಗೆ ಪೇಚನ್ನೂ ತಂದಿತು. ಕೊಳವೆಯ ಅನಿಲ ಅಗ್ಗವಾದ ಮೇಲೆ ಹಡಗಿನ ಅನಿಲ ಯಾರಿಗೆ ಬೇಕು? ಮೊದಲ ವರ್ಷಗಳಲ್ಲಿ ಟರ್ಮಿನಲ್ ತನ್ನ ಸಾಮರ್ಥ್ಯದ ಸಣ್ಣ ಪಾಲನ್ನಷ್ಟೇ ಬಳಸಿ ನಿಂತಿತ್ತು. ಬಾಡಿಗೆಯಂತೂ ಓಡಲಿ ಬಿಡಲಿ ಕಟ್ಟಲೇಬೇಕು. ಆ ಖರ್ಚನ್ನು ಅನಿಲ ಬಳಕೆದಾರರೆಲ್ಲರ ಬಿಲ್ಲಿಗೆ ಸೇರಿಸಲಾಯಿತು. ದೇಶದಲ್ಲೇ ಅತಿ ಹೆಚ್ಚು ಅನಿಲ ಬಳಸುವುದು ಯೋನವಾದ ಅಖೆಮಾ ರಸಗೊಬ್ಬರ ಕಾರ್ಖಾನೆ, ಗೊಬ್ಬರಕ್ಕೆ ಬೇಕಾದ ಅಮೋನಿಯಾ ತಯಾರಾಗುವುದು ಅನಿಲದಿಂದಲೇ. ಅದು ಈ ಹೊರೆಯ ವಿರುದ್ಧ ಯುರೋಪಿನ ನ್ಯಾಯಾಲಯದವರೆಗೂ ಹೋಯಿತು. ಕಾರ್ಖಾನೆಯ ವಾದದಲ್ಲಿ ಹುರುಳಿಲ್ಲವೆನ್ನಲಾಗದು. ವಿಮೆಯ ಕಂತು ಕಟ್ಟುವಾಗ ಎಲ್ಲರಿಗೂ ಅದು ದಂಡದಂತೆಯೇ ಕಾಣುತ್ತದೆ, ಅದರಲ್ಲೂ ದೊಡ್ಡ ಕಂತು ತನ್ನ ಪಾಲಿಗೇ ಬಂದಾಗ.

ಆ ವಿಮೆಯ ಹಣ ಕೈಗೆ ಬಂದದ್ದು 2022ರಲ್ಲಿ. ಫೆಬ್ರುವರಿ 24ರಂದು ರಷ್ಯಾ ಉಕ್ರೇನಿನ ಮೇಲೆ ಪೂರ್ಣ ಪ್ರಮಾಣದ ದಾಳಿ ಶುರು ಮಾಡಿತು. ಏಪ್ರಿಲ್ 2ರಂದು ಲಿಥುವೇನಿಯಾ, ಇನ್ನು ತನ್ನ ಬಳಕೆಗೆ ರಷ್ಯಾದ ಅನಿಲ ತರುವುದಿಲ್ಲವೆಂದು ಪ್ರಕಟಿಸಿತು. ಯುರೋಪಿಯನ್ ಒಕ್ಕೂಟದಲ್ಲಿ ಹಾಗೆ ಹೇಳಿದ ಮೊದಲ ದೇಶ ಅದು. ಜರ್ಮನಿಯಂಥ ದೇಶ ಆಗಿನ್ನೂ ತೇಲುವ ಟರ್ಮಿನಲ್‌ಗಾಗಿ ಹಡಗು ಹುಡುಕುತ್ತಿತ್ತು. ಕ್ಲೈಪೆಡಾಗೆ ಅಮೆರಿಕದಿಂದ, ನಾರ್ವೆಯಿಂದ ಟ್ಯಾಂಕರ್‌ಗಳು ಸಾಲುಗಟ್ಟಿದವು. ಅಲ್ಲಿಂದ ಅನಿಲ ಲಾಟ್ವಿಯಾಕ್ಕೆ, ಎಸ್ಟೋನಿಯಾಕ್ಕೆ, ಫಿನ್ಲೆಂಡಿಗೂ ಹೋಯಿತು. ಪೋಲೆಂಡಿಗೆ ಜೋಡಿಸುವ 508 ಕಿ.ಮೀ. ಉದ್ದದ ಹೊಸ ಕೊಳವೆ ಅದೇ ಮೇ ತಿಂಗಳಲ್ಲಿ ತೆರೆದದ್ದರಿಂದ ಆ ದಿಕ್ಕಿಗೂ ದಾರಿಯಾಯಿತು. ಕರಾರು ಮುಗಿದಾಗ, 2024ರ ಡಿಸೆಂಬರ್‌ನಲ್ಲಿ, ಲಿಥುವೇನಿಯಾ ಹಡಗನ್ನು ಕೊಂಡೇ ಬಿಟ್ಟಿತು.

ನೆರೆಯ ರಷ್ಯಾದ ಕಲಿನಿನ್‌ಗ್ರಾಡ್ ಪ್ರಾಂತ್ಯದ ವಿಚಾರವನ್ನು ಇಲ್ಲೇ ಹೇಳಬೇಕು. ಲಿಥುವೇನಿಯಾ ಮತ್ತು ಪೋಲೆಂಡ್ ನಡುವೆ ಸಿಕ್ಕಿಕೊಂಡಿರುವ ಆ ತುಂಡಿಗೆ ಅನಿಲ ಹೋಗಬೇಕಾದದ್ದು ಲಿಥುವೇನಿಯಾದ ಕೊಳವೆಯಲ್ಲೇ. ತಾನು ಕೊಳ್ಳುವುದನ್ನು ನಿಲ್ಲಿಸಿದ ಮೇಲೂ ಲಿಥುವೇನಿಯಾ ಆ ಸಾಗಣೆಯನ್ನು ತಡೆಯಲಿಲ್ಲ. ಯಾವ ದಿನ ತಡೆದೀತೋ ಎಂಬ ಅಳುಕು ಮಾಸ್ಕೊಗೆ ಮೊದಲೇ ಇತ್ತು. 2019ರಲ್ಲಿ ಅದು ಕಲಿನಿನ್‌ಗ್ರಾಡಿನ ಕಡಲಿಗೂ ತೇಲುವ ಟರ್ಮಿನಲ್ ಒಂದನ್ನು ತಂದು ನಿಲ್ಲಿಸಿತು. ಅಂಗಡಿಯವನೂ ಗಿರಾಕಿಯ ಉಪಾಯವನ್ನೇ ಮಾಡಿದ.

ವಿದ್ಯುತ್ತಿನ ಬಿಡುಗಡೆ ಎಲ್ಲಕ್ಕಿಂತ ತೊಡಕಿನದು. ಪರ್ಯಾಯ ವಿದ್ಯುತ್ (ಎ.ಸಿ.) ಜಾಲವೊಂದರಲ್ಲಿ ಸೇರಿರುವ ಜನರೇಟರ್‌ಗಳೆಲ್ಲ ಒಂದೇ ಲಯದಲ್ಲಿ ತಿರುಗಬೇಕು. ಸೆಕೆಂಡಿಗೆ 50 ಆವರ್ತನ. ತೇರಿನ ಹಗ್ಗ ಹಿಡಿದವರೆಲ್ಲ ಒಂದೇ ಕೂಗಿಗೆ ಎಳೆದ ಹಾಗೆ. ಬಳಕೆ ಏರಿದರೆ ಲಯ ಕುಗ್ಗುತ್ತದೆ, ಇಳಿದರೆ ಹಿಗ್ಗುತ್ತದೆ. ಯಾರೋ ಒಬ್ಬರು ಅದನ್ನು ಕ್ಷಣಕ್ಷಣವೂ ಸರಿದೂಗಿಸುತ್ತಿರಬೇಕು. ಕರ್ನಾಟಕದ ಓದುಗರಿಗೆ ಇದರ ಹತ್ತಿರದ ಉದಾಹರಣೆ ರಾಯಚೂರು: ದಕ್ಷಿಣ ಭಾರತದ ಗ್ರಿಡ್ ದೇಶದ ಉಳಿದ ಗ್ರಿಡ್‌ನ ಲಯಕ್ಕೆ ಸೇರಿದ್ದು 2013ರ ಡಿಸೆಂಬರ್ 31ರಂದು, ರಾಯಚೂರು–ಸೊಲ್ಲಾಪುರ ಮಾರ್ಗದ ಮೂಲಕ. ಬಾಲ್ಟಿಕ್ ದೇಶಗಳ ಲಯ ಮಾಸ್ಕೊದಲ್ಲಿತ್ತು. ಸೋವಿಯತ್ ಕಾಲದ ಆ ಜೋಡಣೆಯನ್ನೇ 2001ರಲ್ಲಿ ಒಪ್ಪಂದವಾಗಿ ಬರೆದು, ಬೆಲಾರೂಸ್, ರಷ್ಯಾ, ಎಸ್ಟೋನಿಯಾ, ಲಾಟ್ವಿಯಾ, ಲಿಥುವೇನಿಯಾ ಎಂಬ ಐದು ಹೆಸರುಗಳ ಮೊದಲಕ್ಷರ ಕೂಡಿಸಿ ‘ಬ್ರೆಲ್’ ಎಂದು ಕರೆದರು. ನ್ಯಾಟೊ ಸದಸ್ಯ ದೇಶಗಳ ದೀಪ ಉರಿಯುವ ಲಯವನ್ನು ಕಾಯುತ್ತಿದ್ದದ್ದು ರಷ್ಯಾದ ನಿಯಂತ್ರಣ ಕೊಠಡಿ.

ಕೊಳ್ಳುವುದನ್ನು ನಿಲ್ಲಿಸುವುದು ಬೇರೆ, ಲಯ ಕಳಚಿಕೊಳ್ಳುವುದು ಬೇರೆ. ಸ್ವೀಡನ್ನಿಗೆ ಸಮುದ್ರದಡಿಯ 700 ಮೆಗಾವಾಟ್ ಕೇಬಲ್, ಪೋಲೆಂಡಿಗೆ 500 ಮೆಗಾವಾಟ್ ಮಾರ್ಗ, ಎರಡೂ 2015ರ ಕೊನೆಯ ಹೊತ್ತಿಗೆ ಸಿದ್ಧವಾದವು. ಅವುಗಳಿಂದ ಕೊಳ್ಳುವ ದಾರಿ ತೆರೆಯಿತು. 2022ರ ಮೇ ತಿಂಗಳಲ್ಲಿ ರಷ್ಯಾದ ವಿದ್ಯುತ್ ಖರೀದಿಯೂ ನಿಂತಿತು. ಆದರೆ ಒಂದು ರೂಬಲ್ ಕೊಡದಿದ್ದರೂ ಲಯ ಮಾತ್ರ ಇನ್ನೂ ಮಾಸ್ಕೊದ್ದೇ. ಈ ನಡುವೆ ರಾಜಧಾನಿ ವಿಲ್ನಿಯಸ್‌ನಿಂದ ಸುಮಾರು 50 ಕಿ.ಮೀ. ದೂರದಲ್ಲಿ, ಬೆಲಾರೂಸ್‌ನ ಅಸ್ತ್ರವೆತ್ಸ್‌ನಲ್ಲಿ, ರಷ್ಯಾ ಕಟ್ಟಿದ ಅಣುಸ್ಥಾವರ 2020ರಲ್ಲಿ ಚಾಲೂ ಆಯಿತು. ಅದರ ವಿದ್ಯುತ್ತನ್ನು ಕೊಳ್ಳಕೂಡದೆಂದು ಲಿಥುವೇನಿಯಾ ಮೊದಲೇ ಕಾನೂನು ಮಾಡಿತ್ತು. ತಂತಿ ಒಂದೇ ಆಗಿರುವವರೆಗೆ ವಿದ್ಯುತ್ತಿಗೆ ಕಾನೂನು ಓದಲು ಬರುವುದಿಲ್ಲ.

ಕಳಚಿಕೊಳ್ಳುವ ಮುನ್ನ, ಒಂಟಿಯಾಗಿ ನಿಂತರೂ ಲಯ ತಪ್ಪದಂತೆ ಸಿದ್ಧತೆ ಆಗಬೇಕಿತ್ತು. ದೊಡ್ಡ ಜನರೇಟರ್‌ಗಳ ಭಾರವೇ ಜಾಲವನ್ನು ಸ್ಥಿರವಾಗಿಡುತ್ತದೆ. ಗಾಳಿಯಂತ್ರ, ಸೌರಫಲಕಗಳಿಗೆ ಆ ಗುಣವಿಲ್ಲ. ಆದ್ದರಿಂದ ಮೂರೂ ಬಾಲ್ಟಿಕ್ ದೇಶಗಳು ತಲಾ ಮೂರು ಭಾರಿ ತಿರುಗುಯಂತ್ರಗಳನ್ನು ಹೂಡಿದವು. ಇವು ವಿದ್ಯುತ್ ಉತ್ಪಾದಿಸುವುದಿಲ್ಲ, ಸುಮ್ಮನೆ ತಿರುಗುತ್ತಿರುತ್ತವೆ. ಕೋಲು ತೆಗೆದ ಮೇಲೂ ಕುಂಬಾರನ ತಿಗರಿ ತನ್ನ ತೂಕದಿಂದಲೇ ತಿರುಗುತ್ತದಲ್ಲ, ಹಾಗೆ ಒಂದೆರಡು ಕ್ಷಣದ ಏರುಪೇರನ್ನು ನುಂಗಿಕೊಳ್ಳುತ್ತವೆ. ಲಿಥುವೇನಿಯಾ ಇದಲ್ಲದೆ ನಾಲ್ಕು ಕಡೆ ಒಟ್ಟು 200 ಮೆಗಾವಾಟ್ ಬ್ಯಾಟರಿಗಳನ್ನಿಟ್ಟಿತು. ಇಗ್ನಲಿನಾದ ಜೋಡಿಯಾಗಿ ಸೋವಿಯತ್ ಕಾಲದಲ್ಲಿ ಯೋಜಿಸಿದ್ದ ಕ್ರುವೊನಿಸ್ ಸ್ಥಾವರವೂ ಒದಗಿ ಬಂತು. ರಾತ್ರಿ ಮಿಕ್ಕ ವಿದ್ಯುತ್ತಿನಿಂದ ನೀರನ್ನು ಗುಡ್ಡದ ಮೇಲಿನ ಕೆರೆಗೆ ಎತ್ತಿ, ಬೇಕಾದಾಗ ಕೆಳಗೆ ಬಿಟ್ಟು 900 ಮೆಗಾವಾಟ್‌ವರೆಗೆ ಉತ್ಪಾದಿಸುವ ಏರ್ಪಾಡು ಅದು. ಅಣುಸ್ಥಾವರ ಹೋದ ಮೇಲೆ ಅದರ ಜೋಡಿಗೆ ಗಾಳಿಯ ಜೊತೆ ಸಂಸಾರ ಕೂಡಿಬಂತು.

2023ರ ಏಪ್ರಿಲ್ 22ರಂದು ಲಿಥುವೇನಿಯಾ ತಾಲೀಮು ನಡೆಸಿತು, ಸುಮಾರು ಹತ್ತು ಗಂಟೆ ಒಂಟಿಯಾಗಿ ನಿಂತು ನೋಡಿತು. 2025ರ ಫೆಬ್ರುವರಿ 8ರ ಬೆಳಗ್ಗೆ ಮೂರೂ ದೇಶಗಳು ರಷ್ಯಾ, ಬೆಲಾರೂಸ್ ಕಡೆಯ ಮಾರ್ಗಗಳನ್ನು ಒಂದೊಂದಾಗಿ ಕಳಚಿದವು. ಒಂದು ದಿನಕ್ಕೂ ಹೆಚ್ಚು ಕಾಲ ತಮ್ಮದೇ ಲಯದಲ್ಲಿ ಓಡಿ, ಮರುದಿನ ಮಧ್ಯಾಹ್ನ ಪೋಲೆಂಡ್ ಮೂಲಕ ಯುರೋಪ್ ಭೂಖಂಡದ ಜಾಲಕ್ಕೆ ಸೇರಿದವು. ಒಟ್ಟು ಖರ್ಚು ಸುಮಾರು 160 ಕೋಟಿ ಯೂರೊ, ಬಹುಪಾಲು ಒಕ್ಕೂಟದ ಅನುದಾನ. ವಿಲ್ನಿಯಸ್‌ನ ಸಮಾರಂಭಕ್ಕೆ ಅಧ್ಯಕ್ಷ ಗಿತಾನಸ್ ನೌಸೇಡಾ ಜೊತೆ ಪೋಲೆಂಡ್, ಲಾಟ್ವಿಯಾ, ಎಸ್ಟೋನಿಯಾ ಅಧ್ಯಕ್ಷರೂ ಬಂದಿದ್ದರು. ಮನೆಗಳಲ್ಲಿ ಯಾರ ದೀಪವೂ ಮಿಣುಕಲಿಲ್ಲ.

ಸದ್ದಿಲ್ಲದೆ ಆದ ಬದಲಾವಣೆಯೆಂದರೆ ಮನೆ ಬೆಚ್ಚಗಿಡುವುದರದ್ದು. ಲಿಥುವೇನಿಯಾದ ಪಟ್ಟಣಗಳ ಫ್ಲಾಟುಗಳಿಗೆ ಊರಿನ ಬಾಯ್ಲರ್ ಮನೆಯಿಂದ ಕೊಳವೆಯಲ್ಲಿ ಬಿಸಿನೀರು ಬರುತ್ತದೆ, ಚಳಿಗಾಲದಲ್ಲಿ ಗೋಡೆಯ ರೇಡಿಯೇಟರ್‌ಗಳನ್ನು ಬಿಸಿ ಮಾಡುವುದು ಅದೇ. ಈ ಶತಮಾನದ ಶುರುವಿನಲ್ಲಿ ಬಾಯ್ಲರ್‌ಗಳು ಉರಿಯುತ್ತಿದ್ದದ್ದು ಬಹುತೇಕ ರಷ್ಯಾದ ಅನಿಲದಿಂದ. ಈಗ ಮೂರನೇ ಎರಡು ಪಾಲಿಗಿಂತ ಹೆಚ್ಚು ಶಾಖ ಮರದ ಚಕ್ಕೆ, ಕಾಡಿನ ಕೊಂಬೆರೆಂಬೆ, ಗರಗಸದ ಪುಡಿಯಿಂದ ಬರುತ್ತಿದೆ. ಚಕ್ಕೆಯ ದರ ನಿಗದಿಗೆ ಬಾಲ್ಟ್‌ಪೂಲ್ ಎಂಬ ವಿನಿಮಯ ಕೇಂದ್ರವೇ ಇದೆ. ಹಾಗೆಂದು ಇದೂ ಪೂರ್ತಿ ಮನೆಯ ಸೌದೆಯಾಗಿರಲಿಲ್ಲ, ಒಂದು ಪಾಲು ಬೆಲಾರೂಸ್‌ನಿಂದ ಬರುತ್ತಿತ್ತು. 2022ರ ನಿರ್ಬಂಧಗಳಿಂದ ಅದು ನಿಂತಾಗ ಚಕ್ಕೆಗೂ ಬೆಲೆ ಏರಿತು.

ಆ ವರ್ಷದ ಬಿಸಿ ಎಲ್ಲಕ್ಕೂ ತಟ್ಟಿತು. ದಾರಿಗಳು ಹಲವಾಗಿದ್ದರೂ ಮಾರುಕಟ್ಟೆ ಯುರೋಪಿನದೇ, ದರವೂ ಯುರೋಪಿನದೇ. ಆಗಸ್ಟ್ 17ರ ಸಂಜೆ ಒಂದು ಗಂಟೆಯ ಮಟ್ಟಿಗೆ ಬಾಲ್ಟಿಕ್ ದೇಶಗಳ ಸಗಟು ವಿದ್ಯುತ್ ದರ ಮೆಗಾವಾಟ್ ಗಂಟೆಗೆ 4,000 ಯೂರೊ ಮುಟ್ಟಿತು. ಯೂನಿಟ್ ಲೆಕ್ಕದಲ್ಲಿ 4 ಯೂರೊ, ಆಗಿನ ವಿನಿಮಯದಲ್ಲಿ 300 ರೂಪಾಯಿಗೂ ಮೇಲೆ. ಸೆಪ್ಟೆಂಬರ್‌ನಲ್ಲಿ ಯೋನವಾದ ಗೊಬ್ಬರದ ಕಾರ್ಖಾನೆ ಅನಿಲದ ಬೆಲೆ ತಾಳದೆ ಉತ್ಪಾದನೆ ನಿಲ್ಲಿಸಿತು. ದೇಶದ ಹಣದುಬ್ಬರ ಶೇ 20 ದಾಟಿತು. ಬಿಡುಗಡೆಯ ಬಿಲ್ಲು ಬಂದದ್ದು ಹೀಗೆ. ಸರ್ಕಾರ ಸಬ್ಸಿಡಿ ಸುರಿದು ಮನೆಗಳ ಬಿಲ್ಲನ್ನು ತಡೆದು ಹಿಡಿಯಿತು.

ದುಬಾರಿ ದರದ ಆ ವರ್ಷವೇ ಸೌರ ಮತ್ತು ಪವನ ವಿದ್ಯುತ್ತಿಗೆ ಹೆಚ್ಚು ಒತ್ತು ಕೊಟ್ಟಿತು. ಸ್ವಂತ ಚಾವಣಿ ಇಲ್ಲದ ಫ್ಲಾಟಿನವರೂ ದೂರದ ಸೌರ ಪಾರ್ಕಿನಲ್ಲಿ ಕೆಲವು ಕಿಲೊವಾಟ್ ಕೊಂಡು, ಅಲ್ಲಿ ಹುಟ್ಟಿದ ವಿದ್ಯುತ್ತನ್ನು ತಮ್ಮ ಬಿಲ್ಲಿನಲ್ಲಿ ವಜಾ ಮಾಡಿಸಿಕೊಳ್ಳುವ ಪದ್ಧತಿ 2019ರಿಂದ ಇತ್ತು. 2022ರ ನಂತರ ಅದಕ್ಕೆ ಜನ ಮುಗಿಬಿದ್ದರು. ಬಯಲಿನಲ್ಲಿ ಗಾಳಿಯಂತ್ರಗಳು ಸಾಲಾಗಿ ಎದ್ದವು. ಇಗ್ನಲಿನಾ ಮುಚ್ಚಿದ ಮೇಲೆ ಮೂರನೇ ಒಂದು ಪಾಲಿನ ಆಸುಪಾಸಿಗೆ ಕುಸಿದಿದ್ದ ಸ್ವಂತ ಉತ್ಪಾದನೆ 2024ರಲ್ಲಿ ಬಳಕೆಯ ಅರ್ಧವನ್ನು ದಾಟಿತ್ತು. 2030ರ ಹೊತ್ತಿಗೆ ಬಳಸುವಷ್ಟು ವಿದ್ಯುತ್ತನ್ನು ನವೀಕರಿಸಬಹುದಾದ ಮೂಲಗಳಿಂದಲೇ ಪಡೆಯುವುದು ಸರ್ಕಾರದ ಗುರಿ. ಕಡಲಿನೊಳಗೆ 700 ಮೆಗಾವಾಟ್‌ನ ಮೊದಲ ಪವನ ಪಾರ್ಕಿನ ಗುತ್ತಿಗೆ 2023ರಲ್ಲಿ ಇಗ್ನಿಟಿಸ್ ಮತ್ತು ಓಷನ್ ವಿಂಡ್ಸ್ ಕಂಪನಿಗಳ ಪಾಲಾಯಿತು.

ಇಷ್ಟೆಲ್ಲ ಆದರೂ ಕಚ್ಚಾತೈಲ ಈಗಲೂ ಬಹುತೇಕ ಹೊರಗಿನದೇ, ಅನಿಲ ಪೂರ್ತಿ ಹೊರಗಿನದು. ಗಾಳಿ ಬೀಸದ ಚಳಿಗಾಲದ ಸಂಜೆ ವಿದ್ಯುತ್ತೂ ಸ್ವೀಡನ್ನಿನಿಂದಲೋ ಪೋಲೆಂಡಿನಿಂದಲೋ ಬರಬೇಕು. ಒಟ್ಟು ಇಂಧನದ ಲೆಕ್ಕ ಹಾಕಿದರೆ ಲಿಥುವೇನಿಯಾ ಇವತ್ತಿಗೂ ಮೂರರಲ್ಲಿ ಎರಡು ಪಾಲಿನಷ್ಟನ್ನು ಆಮದು ಮಾಡಿಕೊಳ್ಳುವ ದೇಶ. ಇಗ್ನಲಿನಾ ಓಡುತ್ತಿದ್ದಾಗಿನ ಅರ್ಧಕ್ಕಿಂತ ಇದು ಹೆಚ್ಚು. ಹೊಸ ದಾರಿಗಳಿಗೂ ಹೊಸ ಕಾವಲು ಬೇಕಾಗಿದೆ. 2023ರ ಅಕ್ಟೋಬರ್‌ನಲ್ಲಿ ಫಿನ್ಲೆಂಡ್–ಎಸ್ಟೋನಿಯಾ ನಡುವಿನ ಅನಿಲ ಕೊಳವೆ ಹಡಗಿನ ಲಂಗರು ಎಳೆದು ಒಡೆಯಿತು. 2024ರ ಕ್ರಿಸ್‌ಮಸ್ ದಿನ ಅದೇ ಎರಡು ದೇಶಗಳ ನಡುವಿನ ವಿದ್ಯುತ್ ಕೇಬಲ್ ಹಾಳಾಯಿತು. ಫೆಬ್ರುವರಿಯ ಕಳಚುವಿಕೆಗೆ ಆಗ ಉಳಿದಿದ್ದದ್ದು ಆರು ವಾರ. ಆ ನಂತರ ಬಾಲ್ಟಿಕ್ ಕಡಲಲ್ಲಿ ನ್ಯಾಟೊ ಹಡಗುಗಳು ಕೇಬಲ್‌ಗಳ ಮೇಲೆ ಗಸ್ತು ತಿರುಗುತ್ತಿವೆ.